ತೋಟದ ಮನೆಗೆ ಬ್ರಾಡ್‌ಬ್ಯಾಂಡ್: ರೂಟರ್ ಜೋಡಣೆ ಮತ್ತು ನಿರ್ವಹಣಾ ಕ್ರಮಗಳು

ಹೊಸದುರ್ಗ ತಾಲ್ಲೂಕಿನಲ್ಲಿ ಕೊಳವೆ ಬಾವಿಯ ಆಸರೆಯಿಂದ ತೆಂಗು, ಅಡಿಕೆ ಮತ್ತು ದಾಳಿಂಬೆ ತೋಟಗಳೂ, ಮಳೆಯಾಶ್ರಯದಲ್ಲಿ ರಾಗಿ, ಸಾವೆ ಮತ್ತು ಕಡಲೆ ಬೆಳೆಗಳೂ ಇವೆ. ಅನೇಕ ರೈತ ಕುಟುಂಬಗಳು ಊರು ಬಿಟ್ಟು ತೋಟದಲ್ಲಿಯೇ ಮನೆ ಕಟ್ಟಿಕೊಂಡು ವಾಸವಾಗಿವೆ. ಇಂತಹ ಮನೆಗಳಲ್ಲಿ ಮೊಬೈಲ್ ಸಂಕೇತ ಒಂದು ಮೂಲೆಯಲ್ಲಿ ಸಿಕ್ಕಿದರೆ ಇನ್ನೊಂದು ಮೂಲೆಯಲ್ಲಿ ಸಿಗುವುದಿಲ್ಲ. ಆದರೆ ರೈತನ ಕೆಲಸಗಳು ಒಂದೊಂದಾಗಿ ಗಣಕಯಂತ್ರದ ಕಡೆಗೆ ಸರಿದಿವೆ. ಪಹಣಿ, ಬೆಳೆ ಸಮೀಕ್ಷೆ, ಹವಾಮಾನ ಮುನ್ಸೂಚನೆ, ಕೊಬ್ಬರಿ ಮತ್ತು ಅಡಿಕೆ ಧಾರಣೆ ಇವೆಲ್ಲವೂ ಈಗ ಅಂತರ್ಜಾಲದಲ್ಲಿ ದೊರೆಯುತ್ತವೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ಆಲಿಕಲ್ಲು ಮಳೆ, ಜಮೀನು ಜಲಾವೃತವಾಗುವುದು ಮುಂತಾದ ಸ್ಥಳೀಯ ವಿಕೋಪಗಳಿಂದ ಬೆಳೆ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಆ ಮೂರು ದಿನಗಳಲ್ಲಿ ಸಂಪರ್ಕ ಕೆಟ್ಟು ಕುಳಿತರೆ ಆಗುವ ನಷ್ಟ ಎಷ್ಟೆಂಬುದನ್ನು ಬೆಳೆ ಕಳೆದುಕೊಂಡವರಿಗೆ ಹೇಳಬೇಕಾಗಿಲ್ಲ.

ಬ್ರಾಡ್‌ಬ್ಯಾಂಡ್ ಸಂಪರ್ಕ ಪಡೆದ ಮನೆಗಳಲ್ಲಿಯೂ ರೂಟರನ್ನು ತಪ್ಪಾದ ಸ್ಥಳದಲ್ಲಿ ಇಟ್ಟಿರುವುದರಿಂದ, ಗುಪ್ತಪದ ಬದಲಿಸದೆ ಬಿಟ್ಟಿರುವುದರಿಂದ ಅಥವಾ ವಿದ್ಯುತ್ತಿನ ವ್ಯವಸ್ಥೆ ಸರಿಯಿಲ್ಲದಿರುವುದರಿಂದ ಪೂರ್ಣ ಪ್ರಯೋಜನ ದೊರೆಯುತ್ತಿಲ್ಲ. ಈ ಕೆಲಸಕ್ಕೆ ವಿಶೇಷ ವಿದ್ಯೆ ಬೇಕಿಲ್ಲ. ಹನಿ ನೀರಾವರಿಯ ಫಿಲ್ಟರು, ಗೇಟ್ ವಾಲ್ವುಗಳನ್ನು ತಾನೇ ಜೋಡಿಸಿಕೊಳ್ಳುವ ರೈತನಿಗೆ ಇದು ಕಷ್ಟವಲ್ಲ. ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಸಂಪರ್ಕ ಬರುವ ದಾರಿ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಇದಲ್ಲದೆ ಇತರ ಕಂಪನಿಗಳೂ, ಊರಿನ ಕೇಬಲ್ ಟಿವಿಯವರೂ ಫೈಬರ್ ಸಂಪರ್ಕ ಒದಗಿಸುತ್ತಾರೆ.

ಫೈಬರ್ ಎಂಬುದು ಕೂದಲಿನಷ್ಟು ಸಣ್ಣದಾದ ಗಾಜಿನ ಎಳೆ. ಹೊದಿಕೆ ಸೇರಿ ಗಾಜಿನ ದಪ್ಪ ಮಿಲಿಮೀಟರಿನ 8ನೇ ಒಂದು ಭಾಗ ಮಾತ್ರ. ಅದರ ಒಳಗೆ ಕಣ್ಣಿಗೆ ಕಾಣದ ಬೆಳಕಿನ ರೂಪದಲ್ಲಿ ಮಾಹಿತಿ ಹರಿಯುತ್ತದೆ. ಮನೆಯಲ್ಲಿರುವ ಓಎನ್‌ಟಿ ಎಂಬ ಪೆಟ್ಟಿಗೆ ಈ ಬೆಳಕನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ. ರೂಟರ್ ಎಂಬುದು ಆ ಒಂದು ಸಂಪರ್ಕವನ್ನು ಮನೆಯ ಹಲವು ಯಂತ್ರಗಳಿಗೆ ಹಂಚುವ ಸಾಧನ. ಕಾಲುವೆಯಿಂದ ಬಂದ ನೀರು ತೂಬಿನ ಮೂಲಕ ಇಳಿದು ಕವಲುಗಳಲ್ಲಿ ಹಂಚಿಕೆಯಾಗುವಂತೆಯೇ ಇದು. ಇತ್ತೀಚಿನ ಬಹುತೇಕ ಪೆಟ್ಟಿಗೆಗಳಲ್ಲಿ ಓಎನ್‌ಟಿ ಮತ್ತು ರೂಟರ್ ಎರಡೂ ಕೂಡಿಯೇ ಇರುತ್ತವೆ.

ತೋಟದೊಳಗೆ ತಂತಿ ಎಳೆಯುವಾಗ ಈ ಅಂಶಗಳನ್ನು ಗಮನಿಸಬೇಕು.

1. ತಂತಿಯನ್ನು ತೆಂಗಿನ ಮರಗಳಿಗೆ ಕಟ್ಟಕೂಡದು. ಗಾಳಿಗೆ ಮರ ತೂಗುವುದರಿಂದಲೂ, ಒಣಗಿದ ಗರಿ ಮತ್ತು ಕಾಯಿ ಬೀಳುವುದರಿಂದಲೂ ಒಳಗಿನ ಗಾಜು ಮುರಿಯುತ್ತದೆ. ಪ್ರತ್ಯೇಕ ಕಂಬ ನೆಡುವುದು ಉತ್ತಮ.

2. ರಾಗಿ ಹುಲ್ಲು ಹೇರಿದ ಗಾಡಿ, ಟ್ರ್ಯಾಕ್ಟರುಗಳು ಓಡಾಡುವ ದಾರಿಯ ಮೇಲೆ ತಂತಿ ಸಾಕಷ್ಟು ಎತ್ತರದಲ್ಲಿರಬೇಕು. ವಿದ್ಯುತ್ ಕಂಬಗಳಿಗೆ ತಾವಾಗಿಯೇ ತಂತಿ ಕಟ್ಟುವುದು ಪ್ರಾಣಾಪಾಯಕ್ಕೆ ದಾರಿ.

3. ನೆಲದೊಳಗೆ ಹಾಯಿಸುವುದಾದರೆ ತಂತಿಯನ್ನು ಎಚ್‌ಡಿಪಿಇ ಪೈಪಿನೊಳಗೆ ಸೇರಿಸಿ ಸುಮಾರು 2 ಅಡಿ ಆಳದಲ್ಲಿ ಹೂಳಬೇಕು. 30 ಅಡಿ ಅಂತರದ ತೆಂಗಿನ ತೋಟದಲ್ಲಿ ಬುಡದಿಂದ 6 ಅಡಿಯವರೆಗೆ ಪಾತಿ ಮಾಡಿ ಗೊಬ್ಬರ ಕೊಡುತ್ತೇವೆ. ಆದ್ದರಿಂದ ಎರಡು ಸಾಲುಗಳ ನಡುವೆ, ಬುಡದಿಂದ ಸುಮಾರು 15 ಅಡಿ ದೂರದಲ್ಲಿ ತಂತಿ ಹಾಯುವುದು ಸೂಕ್ತ. ಹೂಳಿದ ಜಾಗಕ್ಕೆ ಗುರುತಿನ ಕಲ್ಲು ನೆಟ್ಟು, ಮನೆಯವರೆಲ್ಲರಿಗೂ ತೋರಿಸಿಡಬೇಕು. ಇಲ್ಲದಿದ್ದರೆ ಮುಂದೆ ಪೈಪಿಗೆಂದು ಗುಂಡಿ ತೆಗೆಸುವಾಗ ಜೆಸಿಬಿ ಅದನ್ನು ಕಡಿಯುತ್ತದೆ.

4. ತಂತಿಯನ್ನು ಚೂಪಾಗಿ ಮಡಿಸಬಾರದು. ಬಾಗಿಸಲೇಬೇಕಾದಲ್ಲಿ ಅಂಗೈ ಅಗಲದ ದುಂಡು ಸುರುಳಿಯಂತೆ ಬಾಗಿಸಬೇಕು. ಬಿಚ್ಚಿದ ತುದಿಯೊಳಗೆ ಕಣ್ಣಿಟ್ಟು ನೋಡಬಾರದು. ಬೆಳಕು ಕಾಣದಿದ್ದರೂ ಅದು ಕಣ್ಣಿಗೆ ಹಾನಿಕರ.

ಎಷ್ಟು ವೇಗ ಬೇಕು?

ಸಂಪರ್ಕದ ವೇಗವನ್ನು ಮೆಗಾಬಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕಡತಗಳ ಗಾತ್ರವನ್ನು ಮೆಗಾಬೈಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ಆದುದರಿಂದ ಸೆಕೆಂಡಿಗೆ 40 ಮೆಗಾಬಿಟ್ ವೇಗವೆಂದರೆ ಸೆಕೆಂಡಿಗೆ 5 ಮೆಗಾಬೈಟ್ ಎಂದರ್ಥ. 50 ಮೆಗಾಬೈಟಿನ ಕಡತ ಇಳಿಯಲು ಸುಮಾರು 10 ಸೆಕೆಂಡು ಸಾಕು. ಈ ವ್ಯತ್ಯಾಸ ತಿಳಿಯದೆ ಕಂಪನಿಯವರು ಮೋಸ ಮಾಡಿದರೆಂದು ತಿಳಿಯುವವರು ಬಹಳ ಮಂದಿ.

2023ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ವೇಗವಿರಬೇಕು. ಪಹಣಿ, ಧಾರಣೆ ನೋಡಲು ಇಷ್ಟು ಸಾಕಾದೀತು. ಒಂದು ವಿಡಿಯೋ ಮಾತುಕತೆಗೆ 2ರಿಂದ 3, ಸ್ಪಷ್ಟವಾದ ವಿಡಿಯೋ ನೋಡಲು ಸುಮಾರು 5 ಮೆಗಾಬಿಟ್ ಬೇಕು. ಎರಡು ಕಂಪ್ಯೂಟರು, ನಾಲ್ಕು ಮೊಬೈಲು, ಒಂದು ಟಿವಿ ಇರುವ ಮನೆಗೆ 30ರಿಂದ 50 ಮೆಗಾಬಿಟ್ ವೇಗ ಯಥೇಚ್ಛ. ಅದಕ್ಕಿಂತ ಹೆಚ್ಚಿನ ಯೋಜನೆಗೆ ಹಣ ತೆರುವ ಮೊದಲು ಮನೆಯೊಳಗಿನ ಜೋಡಣೆ ಸರಿಯಿದೆಯೇ ಎಂದು ನೋಡುವುದು ಲಾಭದಾಯಕ. ದರ ವಿಚಾರಿಸುವಾಗ ಶೇ. 18ರ ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. ತಿಂಗಳಿಗೆ 400 ರೂಪಾಯಿ ಎಂದದ್ದು ತೆರಿಗೆ ಸೇರಿದಾಗ 472 ರೂಪಾಯಿ ಆಗುತ್ತದೆ.

ರೂಟರ್ ಇಡುವ ಸ್ಥಳದ ಆಯ್ಕೆ

ವೈಫೈ ಎಂಬುದು ತಂತಿಯಿಲ್ಲದ ರೇಡಿಯೋ ಸಂಪರ್ಕ. ಇದರಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳು ಸಾಮಾನ್ಯ. ಮೊದಲನೆಯದು ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪಮಟ್ಟಿಗೆ ದಾಟುತ್ತದೆ, ಆದರೆ ವೇಗ ಕಡಿಮೆ. ಎರಡನೆಯದಕ್ಕೆ ವೇಗ ಹೆಚ್ಚು, ಆದರೆ ದಪ್ಪ ಗೋಡೆಯ ಮುಂದೆ ಸೋಲುತ್ತದೆ. ನಮ್ಮ ಭಾಗದ ಹಳೆಯ ಮನೆಗಳ ಕಲ್ಲು ಮತ್ತು ಮಣ್ಣಿನ ಗೋಡೆಗಳು ಒಂದೂವರೆ ಅಡಿಗೂ ಮೀರಿ ದಪ್ಪವಿರುತ್ತವೆ. ಅಂತಹ ಕಡೆ 2.4ರ ಪಟ್ಟಿಯನ್ನೇ ನೆಚ್ಚಬೇಕು.

ತಂತಿ ಒಳಬಂದ ಮೂಲೆಯಲ್ಲಿಯೇ ಪೆಟ್ಟಿಗೆಯನ್ನು ಸಿಕ್ಕಿಸುವುದು ವಾಡಿಕೆ. ಇದು ಸರಿಯಲ್ಲ. ಮನೆಯ ನಡುಭಾಗದಲ್ಲಿ, ನೆಲದಿಂದ 5ರಿಂದ 6 ಅಡಿ ಎತ್ತರದಲ್ಲಿ ತೆರೆದ ಹಲಗೆಯ ಮೇಲೆ ಇಡಬೇಕು. ಕಬ್ಬಿಣದ ಬೀರು, ತಗಡಿನ ಬಾಗಿಲು, ನೀರಿನ ತೊಟ್ಟಿ, ಫ್ರಿಡ್ಜ್, ದೊಡ್ಡ ಕನ್ನಡಿ ಇವುಗಳ ಹಿಂದೆ ಇಡಬಾರದು. ಲೋಹವು ರೇಡಿಯೋ ಅಲೆಗಳನ್ನು ತಿರುಗಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಅಡಿಗೆ ಮನೆಯ ಹೊಗೆ ಮತ್ತು ಕೊಬ್ಬರಿ ಅಟ್ಟದ ಧೂಳಿನಿಂದ ದೂರವಿರಲಿ. ಪೆಟ್ಟಿಗೆ ಸದಾ ಬೆಚ್ಚಗಿರುವುದರಿಂದ ಇರುವೆಗಳು ಒಳಗೆ ಗೂಡು ಮಾಡುವುದುಂಟು. ಅದರ ಮೇಲೆ ಬಟ್ಟೆ ಹೊದಿಸಿದರೆ ಕಾವು ಏರಿ ಬೇಗ ಕೆಡುತ್ತದೆ.

ಜೋಡಿಸುವ ಕ್ರಮ

1. ಪೆಟ್ಟಿಗೆಯೊಂದಿಗೆ ಬಂದ ಅಡಾಪ್ಟರನ್ನೇ ಉಪಯೋಗಿಸಬೇಕು. ಸಾಮಾನ್ಯವಾಗಿ ಇದು 12 ವೋಲ್ಟಿನದು. ಪಿನ್ನು ಹೊಂದುತ್ತದೆ ಎಂಬ ಕಾರಣಕ್ಕೆ ಬೇರೆ ವೋಲ್ಟಿನ ಅಡಾಪ್ಟರ್ ಚುಚ್ಚಕೂಡದು.

2. ಫೈಬರ್ ತುದಿಯನ್ನು ಓಎನ್‌ಟಿಗೆ ಸೇರಿಸಿ ವಿದ್ಯುತ್ ಕೊಡಬೇಕು. 2-3 ನಿಮಿಷಗಳಲ್ಲಿ 'ಪಾನ್' ಎಂಬ ದೀಪ ಮಿನುಗುವುದನ್ನು ನಿಲ್ಲಿಸಿ ಸ್ಥಿರವಾಗಿ ಉರಿಯಬೇಕು. 'ಲಾಸ್' ಎಂಬ ಕೆಂಪು ದೀಪ ಉರಿಯಬಾರದು.

3. ರೂಟರ್ ಪ್ರತ್ಯೇಕವಾಗಿದ್ದರೆ ಓಎನ್‌ಟಿಯ 'ಲ್ಯಾನ್' ಕಿಂಡಿಯಿಂದ ರೂಟರಿನ 'ವ್ಯಾನ್' ಕಿಂಡಿಗೆ ತಂತಿ ಕೊಡಬೇಕು. ವ್ಯಾನ್ ಕಿಂಡಿ ಹೊರಗಿನಿಂದ ಬರುವ ದಾರಿ, ಲ್ಯಾನ್ ಕಿಂಡಿಗಳು ಮನೆಯೊಳಗೆ ಹಂಚುವ ದಾರಿಗಳು. ಇವು ಅದಲುಬದಲಾದರೆ ಸಂಪರ್ಕ ಸರಿಯಾಗಿ ದೊರೆಯುವುದಿಲ್ಲ.

4. ಒಂದು ಕಂಪ್ಯೂಟರನ್ನು ಲ್ಯಾನ್ ಕಿಂಡಿಗೆ ತಂತಿಯಿಂದ ಸೇರಿಸಿ, ಬ್ರೌಸರಿನ ವಿಳಾಸದ ಜಾಗದಲ್ಲಿ 192.168.1.1 ಎಂದು ಬೆರಳಚ್ಚು ಮಾಡಬೇಕು. ಕೆಲವು ಪೆಟ್ಟಿಗೆಗಳಲ್ಲಿ ಇದು 192.168.0.1 ಇರುತ್ತದೆ. ಸರಿಯಾದ ವಿಳಾಸ ಮತ್ತು ಮೊದಲ ಗುಪ್ತಪದ ಪೆಟ್ಟಿಗೆಯ ತಳದ ಚೀಟಿಯಲ್ಲಿ ಅಚ್ಚಾಗಿರುತ್ತವೆ.

5. ತೆರೆದ ಪುಟದಲ್ಲಿ ಕಂಪನಿ ಕೊಟ್ಟ ಬಳಕೆದಾರ ಹೆಸರು ಮತ್ತು ಗುಪ್ತಪದವನ್ನು ತುಂಬಬೇಕು. ಅನೇಕ ಕಡೆ ಸಂಪರ್ಕ ಕೊಡಲು ಬಂದವರೇ ಇದನ್ನು ತುಂಬಿರುತ್ತಾರೆ. ಹಾಗಿದ್ದರೂ ಆ ವಿವರಗಳನ್ನು ಕೇಳಿ ಪಡೆದು, ಪಾಸ್ ಪುಸ್ತಕ ಇಡುವ ಜಾಗದಲ್ಲಿ ಬರೆದಿಡತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ. ಪೆಟ್ಟಿಗೆಯ ಹಿಂದೆ ಸೂಜಿಯಿಂದ ಒತ್ತುವ 'ರೀಸೆಟ್' ರಂಧ್ರವಿರುತ್ತದೆ. ಅದನ್ನು ಸುಮಾರು 10 ಸೆಕೆಂಡು ಒತ್ತಿದರೆ ಕಂಪನಿಯವರು ತುಂಬಿದ ವಿವರಗಳೆಲ್ಲ ಅಳಿಸಿಹೋಗಬಹುದು. ಸಂಪರ್ಕ ನಿಧಾನವಾಯಿತೆಂದು ಮಕ್ಕಳು ಅದನ್ನು ಒತ್ತಿ, ಕಂಪನಿಯವರು ಬರುವವರೆಗೆ ಮನೆಯವರೆಲ್ಲ ಕಾಯಬೇಕಾದ ಪ್ರಸಂಗಗಳು ಉಂಟು. ವಿದ್ಯುತ್ ಸ್ವಿಚ್ಚನ್ನು ಆರಿಸಿ ಹಾಕುವುದು ಬೇರೆ, ರೀಸೆಟ್ ಮಾಡುವುದು ಬೇರೆ. ಮೊದಲನೆಯದರಿಂದ ಏನೂ ಅಳಿಯುವುದಿಲ್ಲ.

ಕಂಪ್ಯೂಟರುಗಳನ್ನು ಸೇರಿಸುವುದು

ಸ್ಥಿರವಾಗಿ ಒಂದೇ ಕಡೆ ಇರುವ ಕಂಪ್ಯೂಟರಿಗೆ ತಂತಿಯ ಜೋಡಣೆ ಶ್ರೇಷ್ಠ. ಕ್ಯಾಟ್-6 ಎಂಬ ದರ್ಜೆಯ ತಂತಿಯನ್ನು ಕೊಳ್ಳಬೇಕು. ಈ ತಂತಿ 100 ಮೀಟರಿನವರೆಗೆ ಸಂಕೇತವನ್ನು ಕುಂದಿಲ್ಲದೆ ಒಯ್ಯುತ್ತದೆ. ತುದಿಯನ್ನು ಕಿಂಡಿಯೊಳಗೆ ತಳ್ಳಿದಾಗ 'ಟಿಕ್' ಎಂದು ಕೂರಬೇಕು. ಬೇರೆ ಹೊಂದಾಣಿಕೆ ಬೇಕಿಲ್ಲ. ಪ್ರತಿ ಯಂತ್ರಕ್ಕೂ ಒಂದು ಅಂಕಿಯ ವಿಳಾಸವನ್ನು ರೂಟರ್ ತಾನೇ ಕೊಡುತ್ತದೆ.

ಲ್ಯಾಪ್‌ಟಾಪ್ ಮತ್ತು ಮೊಬೈಲುಗಳನ್ನು ವೈಫೈ ಮೂಲಕ ಸೇರಿಸಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಪರದೆಯ ಬಲಗಡೆ ಕೆಳಮೂಲೆಯ ವೈಫೈ ಚಿಹ್ನೆಯನ್ನು ಒತ್ತಿ, ಪಟ್ಟಿಯಲ್ಲಿ ತಮ್ಮ ರೂಟರಿನ ಹೆಸರನ್ನು ಆರಿಸಿ, ಗುಪ್ತಪದ ತುಂಬಿದರೆ ಆಯಿತು. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ವೈಫೈ ಇಲ್ಲದಿದ್ದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಚಿಕ್ಕ ಸಾಧನ ಅಂಗಡಿಗಳಲ್ಲಿ ದೊರೆಯುತ್ತದೆ.

ಉದಾಹರಣೆಗೆ, 60 ಅಡಿ ಉದ್ದದ ಹೆಂಚಿನ ಮನೆಯೊಂದರಲ್ಲಿ ರೂಟರ್ ಮುಂಬದಿಯ ಪಡಸಾಲೆಯಲ್ಲಿದೆ, ಮಗಳು ಓದುವ ಕೋಣೆ ಹಿತ್ತಿಲ ಕಡೆಗಿದೆ ಎಂದು ಇಟ್ಟುಕೊಳ್ಳೋಣ. ನಡುವೆ ಮೂರು ಗೋಡೆಗಳಿವೆ. ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ ಸಂಪರ್ಕ ಕಡಿದುಹೋಗುತ್ತಿದೆ. ಇಲ್ಲಿ ಹೆಚ್ಚಿನ ದರದ ಯೋಜನೆಗೆ ಬದಲಾಯಿಸಿದರೆ ಹಣ ದಂಡ. ಸುಮಾರು 25 ಮೀಟರ್ ಕ್ಯಾಟ್-6 ತಂತಿಯನ್ನು ಗೋಡೆಯ ಮೇಲ್ಭಾಗದಲ್ಲಿ ಎಳೆದು ಆ ಕೋಣೆಯ ಕಂಪ್ಯೂಟರಿಗೆ ಕೊಟ್ಟರೆ ಸಮಸ್ಯೆ ಮುಗಿಯುತ್ತದೆ. ಅಲ್ಲಿಯೂ ವೈಫೈ ಬೇಕಾದರೆ ತಂತಿಯ ತುದಿಗೆ ಎರಡನೆಯ ರೂಟರನ್ನು ಇಡಬಹುದು. ಆದರೆ ಅದನ್ನು 'ಆ್ಯಕ್ಸೆಸ್ ಪಾಯಿಂಟ್' ಎಂಬ ಕ್ರಮಕ್ಕೆ ಹೊಂದಿಸತಕ್ಕದ್ದು. ಇಲ್ಲದಿದ್ದರೆ ಎರಡು ರೂಟರುಗಳೂ ವಿಳಾಸ ಹಂಚಲು ಹೊರಟು ಗೊಂದಲವಾಗುತ್ತದೆ.

ಪಂಪ್ ಮನೆಯವರೆಗೆ ಸಂಪರ್ಕ ಬೇಕೆನ್ನುವವರು ಎದುರುಬದುರಾಗಿ ನಿಲ್ಲಿಸುವ ಎರಡು ಆಂಟೆನಾಗಳನ್ನು ಉಪಯೋಗಿಸಬಹುದು. ಒಂದರಿಂದ ಇನ್ನೊಂದಕ್ಕೆ ನೇರ ನೋಟವಿರಬೇಕು. ತೆಂಗಿನ ಗರಿಗಳು, ಅದರಲ್ಲಿಯೂ ಮಳೆಯಲ್ಲಿ ನೆನೆದ ಗರಿಗಳು ಸಂಕೇತವನ್ನು ನುಂಗುತ್ತವೆ. ತೋಟ ಬೆಳೆದಂತೆ ನೋಟ ಮರೆಯಾಗುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು.

ಗುಪ್ತಪದ ಮತ್ತು ಭದ್ರತೆ

ಬೇಲಿಯಿಲ್ಲದ ಹೊಲದ ಗತಿಯೇ ಗುಪ್ತಪದವಿಲ್ಲದ ರೂಟರಿನ ಗತಿ. ನಿಮ್ಮ ಸಂಪರ್ಕ ಬಳಸಿ ಬೇರೊಬ್ಬರು ಅಕ್ರಮ ಎಸಗಿದರೆ ವಿಚಾರಣೆ ಮೊದಲು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಆದ್ದರಿಂದ:

1. ರೂಟರಿನ ಒಳಪುಟಕ್ಕೆ ಹೋಗುವ ಗುಪ್ತಪದ ಮತ್ತು ವೈಫೈ ಗುಪ್ತಪದ ಎರಡನ್ನೂ ಮೊದಲ ದಿನವೇ ಬದಲಿಸಬೇಕು. ಎರಡೂ ಬೇರೆಬೇರೆ ಇರಬೇಕು.

2. ವೈಫೈ ಗುಪ್ತಪದ ಕನಿಷ್ಠ 12 ಅಕ್ಷರಗಳಿರಲಿ. ಮೊಬೈಲ್ ಸಂಖ್ಯೆ, ಮಗುವಿನ ಹೆಸರು, ಹುಟ್ಟಿದ ವರ್ಷ ಬೇಡ. ಪರಸ್ಪರ ಸಂಬಂಧವಿಲ್ಲದ ಮೂರು ನಾಲ್ಕು ಪದಗಳನ್ನು ಕೂಡಿಸಿ ನಡುವೆ ಅಂಕಿ ಸೇರಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ.

3. ಭದ್ರತೆಯ ವಿಧದಲ್ಲಿ ಡಬ್ಲ್ಯುಪಿಎ-2 ಅಥವಾ ಡಬ್ಲ್ಯುಪಿಎ-3 ಆರಿಸಬೇಕು. 'ಡಬ್ಲ್ಯುಪಿಎಸ್' ಎಂಬ ಸೌಲಭ್ಯವನ್ನು ನಿಲ್ಲಿಸುವುದು ಒಳ್ಳೆಯದು.

4. ಬಂದುಹೋಗುವ ನೆಂಟರಿಗೆ, ಕಾಯಿ ಕೀಳಲು ಬರುವವರಿಗೆ 'ಗೆಸ್ಟ್' ಎಂಬ ಪ್ರತ್ಯೇಕ ವೈಫೈ ಹೆಸರು ಮಾಡಿ ಕೊಡಬಹುದು. ಮನೆಯ ಕಂಪ್ಯೂಟರುಗಳು ಅವರಿಗೆ ಕಾಣುವುದಿಲ್ಲ.

5. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪ್ ಮೂಲಕ ಬರುವ 'ಎಪಿಕೆ' ಕಡತಗಳನ್ನು ತೆರೆಯಕೂಡದು. ಇವು ಮೊಬೈಲಿನೊಳಗೆ ಹೊಕ್ಕು ಬ್ಯಾಂಕಿನ ಸಂದೇಶಗಳನ್ನು ಕದಿಯುತ್ತವೆ. ಬ್ರಾಡ್‌ಬ್ಯಾಂಡ್ ಕಂಪನಿಯಿಂದ ಕರೆ ಮಾಡುತ್ತಿದ್ದೇವೆಂದು ಹೇಳಿ ಓಟಿಪಿ ಕೇಳುವವರಿಗೂ ಉತ್ತರ ಕೊಡಬಾರದು. ಒಂದು ವೇಳೆ ಹಣ ಹೋದರೆ ನಾಚಿಕೆ ಪಡದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ತಡಮಾಡಿದಷ್ಟೂ ಹಣ ಮರಳುವ ಸಾಧ್ಯತೆ ಕಡಿಮೆ.

ವಿದ್ಯುತ್ ಮತ್ತು ಸಿಡಿಲು

ರೂಟರ್ ಸುಮಾರು 10 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ ಎಂದರೆ ಹಗಲಿರುಳು ನಡೆದರೂ ತಿಂಗಳಿಗೆ ಸುಮಾರು 7 ಯೂನಿಟ್ ಖರ್ಚು. ವಿದ್ಯುತ್ ಹೋದಾಗ ನಡೆಯಲು 12 ವೋಲ್ಟಿನ ಚಿಕ್ಕ ಯುಪಿಎಸ್ ದೊರೆಯುತ್ತದೆ. 20 ವ್ಯಾಟ್-ಗಂಟೆ ಸಾಮರ್ಥ್ಯದ್ದು ಸುಮಾರು 2 ಗಂಟೆ ನಡೆಸುತ್ತದೆ. ಟ್ರ್ಯಾಕ್ಟರ್ ಬ್ಯಾಟರಿಯಿಂದ ನೇರವಾಗಿ ತಂತಿ ಕೊಡುವ ಪ್ರಯತ್ನ ಬೇಡ. ಚಾರ್ಜ್ ಆಗುವಾಗ ಅದರ ವೋಲ್ಟೇಜು 14ನ್ನೂ ಮೀರುತ್ತದೆ.

ಏಪ್ರಿಲ್, ಮೇ ತಿಂಗಳುಗಳ ಮುಂಗಾರು ಪೂರ್ವ ಮಳೆಯಲ್ಲಿ ಗುಡುಗು ಸಿಡಿಲು ಹೆಚ್ಚು. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ. ಆದರೆ ಅದಕ್ಕೆ ಆಧಾರವಾಗಿರುವ ಉಕ್ಕಿನ ತಂತಿಯಲ್ಲಿಯೂ, ಮನೆಯ ವಿದ್ಯುತ್ ತಂತಿಯಲ್ಲಿಯೂ ಹರಿಯಬಲ್ಲದು. ಗುಡುಗಿನ ಸೂಚನೆ ಕಂಡಾಗಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ಹೊಡೆಯುತ್ತಿರುವಾಗ ಮಾತ್ರ ಯಾವ ತಂತಿಯನ್ನೂ ಮುಟ್ಟಕೂಡದು. ಮನೆಯ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬಾರದು.

ತೊಂದರೆಯ ಲಕ್ಷಣಗಳು ಮತ್ತು ಹತೋಟಿ

ಗಿಡದ ಎಲೆ ನೋಡಿ ಪೋಷಕಾಂಶದ ಕೊರತೆ ಗುರುತಿಸುವಂತೆ ದೀಪಗಳನ್ನು ನೋಡಿ ದೋಷ ಗುರುತಿಸಬಹುದು.

ಕೆಂಪು 'ಲಾಸ್' ದೀಪ ಉರಿದರೆ: ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ತಂತಿ ತುಂಡಾಗಿರಬಹುದು, ಮಡಿಕೆಯಾಗಿರಬಹುದು ಅಥವಾ ಇಲಿ ಕಡಿದಿರಬಹುದು. ತಂತಿಯ ದಾರಿಯುದ್ದಕ್ಕೂ ನಡೆದು ನೋಡಿ ಕಂಪನಿಗೆ ತಿಳಿಸಬೇಕು. ಸಾಮಾನ್ಯ ತಂತಿಯಂತೆ ತಿರುಚಿ ಟೇಪು ಸುತ್ತಿದರೆ ಪ್ರಯೋಜನವಿಲ್ಲ. ಗಾಜನ್ನು ಯಂತ್ರದಿಂದ ಬೆಸೆಯಬೇಕು.

ಪಾನ್ ದೀಪ ಸ್ಥಿರವಾಗಿದ್ದೂ ಅಂತರ್ಜಾಲ ಇಲ್ಲದಿದ್ದರೆ: ಹಣ ಕಟ್ಟುವ ದಿನ ಮುಗಿದಿರಬಹುದು ಅಥವಾ ಬಳಕೆದಾರ ಹೆಸರು ಅಳಿಸಿರಬಹುದು. ಪೆಟ್ಟಿಗೆಗಳನ್ನೆಲ್ಲ ಆರಿಸಿ, ಮೊದಲು ಓಎನ್‌ಟಿ, 3 ನಿಮಿಷದ ನಂತರ ರೂಟರ್, ಕೊನೆಗೆ ಕಂಪ್ಯೂಟರ್ ಹೀಗೆ ಕ್ರಮವಾಗಿ ಹಾಕಿ ನೋಡಬೇಕು.

ಕಂಪ್ಯೂಟರಿನ ವಿಳಾಸ 169.254 ಎಂದು ಆರಂಭವಾದರೆ: ರೂಟರಿನಿಂದ ಅದಕ್ಕೆ ವಿಳಾಸ ದೊರೆತಿಲ್ಲ. ತಂತಿಯ ತುದಿಗಳನ್ನು ಕಿತ್ತು ಮತ್ತೆ ಕೂರಿಸಬೇಕು, ಬೇರೆ ಲ್ಯಾನ್ ಕಿಂಡಿಯಲ್ಲಿ ಪ್ರಯತ್ನಿಸಬೇಕು.

ವೇಗ ಕಡಿಮೆಯಾದರೆ: ಹೊಲದ ಪ್ರಯೋಗಗಳಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತೇವೆ. ಇಲ್ಲಿಯೂ ಹಾಗೆಯೇ. ಮೊದಲು ಬೇರೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ಒಂದೇ ಕಂಪ್ಯೂಟರಿಗೆ ತಂತಿ ಕೊಟ್ಟು ವೇಗ ಅಳೆಯಬೇಕು. ಅಲ್ಲಿಯೂ ಕಡಿಮೆಯಿದ್ದರೆ ದೋಷ ಹೊರಗಿನದು, ಕಂಪನಿಗೆ ತಿಳಿಸಬೇಕು. ತಂತಿಯಲ್ಲಿ ಸರಿಯಾಗಿದ್ದು ವೈಫೈನಲ್ಲಿ ಕಡಿಮೆಯಿದ್ದರೆ ದೋಷ ಮನೆಯೊಳಗಿನದು. ರೂಟರಿನ ಸ್ಥಳ ಬದಲಿಸಬೇಕು. ಅಕ್ಕಪಕ್ಕದಲ್ಲಿ ಬೇರೆ ರೂಟರುಗಳಿದ್ದರೆ 2.4ರ ಪಟ್ಟಿಯಲ್ಲಿ 1, 6 ಅಥವಾ 11ನೇ ಚಾನೆಲ್ ಆರಿಸಬೇಕು. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ.

ದೂರು ಕೊಟ್ಟಾಗ ಅದರ ಸಂಖ್ಯೆಯನ್ನು ಕೇಳಿ, ದಿನಾಂಕದೊಂದಿಗೆ ಬರೆದಿಡಬೇಕು. ದೂರು ಕೇಂದ್ರದಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಲು ಗ್ರಾಹಕರಿಗೆ ಹಕ್ಕಿದೆ. ಸಂಖ್ಯೆಯಿಲ್ಲದ ದೂರಿಗೆ ಬೆಲೆಯಿಲ್ಲ.

ಹೆಬ್ಬೆಟ್ಟಿನ ಗುರುತು ಬೇಕಾದ ನೋಂದಣಿ ಮುಂತಾದ ಕೆಲಸಗಳಿಗೆ ಮನೆಯ ಸಂಪರ್ಕವಿದ್ದರೂ ಕೇಂದ್ರಗಳಿಗೆ ಹೋಗಲೇಬೇಕು. ಬೆಳೆಗೆ ಬಂದ ರೋಗದ ಚಿತ್ರವನ್ನು ತಜ್ಞರಿಗೆ ಕಳಿಸುವುದು, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯುವುದು, ಮಾರುಕಟ್ಟೆಗೆ ಹೊರಡುವ ಮುನ್ನ ತಿಪಟೂರು, ಅರಸೀಕೆರೆಗಳ ಕೊಬ್ಬರಿ ಧಾರಣೆ ನೋಡುವುದು, ಮಕ್ಕಳ ವಿದ್ಯಾಭ್ಯಾಸ ಇವೆಲ್ಲಕ್ಕೂ ಮನೆಯ ಸಂಪರ್ಕ ನೆರವಾಗುತ್ತದೆ. ಆದ್ದರಿಂದ ರೈತ ಬಾಂಧವರು ಬಿಡುವಿರುವ ಒಂದು ದಿನ ಮನೆಯ ರೂಟರನ್ನು ಪರಿಶೀಲಿಸಿ, ಸ್ಥಳ, ಗುಪ್ತಪದ ಮತ್ತು ವಿದ್ಯುತ್ ವ್ಯವಸ್ಥೆ ಈ ಮೂರನ್ನೂ ಸರಿಪಡಿಸಿಕೊಳ್ಳುವುದು ಅಪೇಕ್ಷಣೀಯ. ಈ ವಿವರಗಳನ್ನು ಮನೆಯ ಹೆಣ್ಣುಮಕ್ಕಳಿಗೂ ಹಿರಿಯರಿಗೂ ತಿಳಿಸಿಕೊಡಬೇಕು. ಯಜಮಾನರು ಪೇಟೆಗೆ ಹೋದ ದಿನವೇ ಕೆಂಪು ದೀಪ ಹತ್ತಿದರೂ ಮನೆಯ ಕೆಲಸ ನಿಲ್ಲಬಾರದು.